ಮಾಸ್ಟ್ರು ಕಾಲೇಜಿಗೆ ಹೋಗಬೇಕೇ?



ನಮ್ಮ ಕಡಬ, ಸುಳ್ಯ, ಪುತ್ತೂರಿನ ಕಡೆ ಮೇ ತಿಂಗಳು ಬಂತೆಂದರೆ ಒಂದು ಸುದ್ದಿ ಬಾಯಿಂದ ಬಾಯಿಗೆ ಹರಡುತ್ತದೆ. ಇಂಥ ಹೈಸ್ಕೂಲಿನ ಪಿ.ಇ. ಮಾಸ್ಟ್ರಿಗೆ ಇಂಥ ಕಾಲೇಜಿನಿಂದ ಕರೆ ಬಂದಿದೆಯಂತೆ, ಹೋಗುತ್ತಾರಂತೆ, ಇಲ್ಲವಂತೆ, ಮನೆಯವರು ಒಪ್ಪಲಿಲ್ಲವಂತೆ. ಕರೆ ಬರುವುದು ಸುಮ್ಮನೆ ಅಲ್ಲ. ಆ ಮಾಸ್ಟ್ರ ಹುಡುಗರು ಮೂರು ನಾಲ್ಕು ವರ್ಷ ಬಿಡದೆ ಕಬಡ್ಡಿಯಲ್ಲಿ ವಲಯ ಗೆದ್ದಿರುತ್ತಾರೆ, ತಾಲೂಕು ಗೆದ್ದಿರುತ್ತಾರೆ, ಜಿಲ್ಲೆಯಲ್ಲಿ ಹೆಸರಾಂತ ಶಾಲೆಗಳ ಬೆವರಿಳಿಸಿರುತ್ತಾರೆ. ಒಂದು ವರ್ಷ ಮೈಸೂರು ವಿಭಾಗವನ್ನೂ ದಾಟಿ ರಾಜ್ಯಮಟ್ಟಕ್ಕೆ ಹೋಗಿ ಬಂದಿರುತ್ತಾರೆ. ಆಮೇಲೆ ಕಾಲೇಜಿನವರು ಫೋನು ಮಾಡುತ್ತಾರೆ: ನಮ್ಮಲ್ಲಿ ಮ್ಯಾಟ್ ಉಂಟು, ಹಾಸ್ಟೆಲ್ ಉಂಟು, ಬೇಕಾದ ಹುಡುಗರನ್ನು ನೀವೇ ಆರಿಸಿ, ಬನ್ನಿ ಸರ್.

ಊರಿನಲ್ಲಿ ಆಗ ಎರಡು ಪಕ್ಷ. "ಹೋಗಿ ಮಾಸ್ಟ್ರೇ, ಈ ಕೆಸರಿನಲ್ಲಿ ಎಷ್ಟು ವರ್ಷ ಅಂತ ಇರುವುದು?" ಎನ್ನುವವರು ಕೆಲವರು. "ನೀವು ಹೋದರೆ ನಮ್ಮ ಮಕ್ಕಳಿಗೆ ಯಾರು?" ಎನ್ನುವವರು ಕೆಲವರು. ಎರಡೂ ಪ್ರೀತಿಯಿಂದ ಆಡುವ ಮಾತೇ. ಆದರೆ ತೀರ್ಮಾನ ಮಾಡಬೇಕಾದವರು ಮಾಸ್ಟ್ರು ಒಬ್ಬರೇ.

ನಾನು ಕೋಡಿಂಬಾಳದವನು. ಆಟ ಕಲಿಸಿದವನಲ್ಲ. ನಮ್ಮ ಕಡೆಯ ಪಂದ್ಯಾಟಗಳಲ್ಲಿ ಅಂಕ ಬರೆಯುವ ಮೇಜಿನ ಹಿಂದೆ ವರ್ಷಗಟ್ಟಲೆ ಕೂತವನು. ಆ ಮೇಜಿನಿಂದ ಅಂಕಣದ ಒಳಗೂ ಕಾಣುತ್ತದೆ, ಅಂಕಣದ ಹೊರಗೆ ನಿಂತ ಮಾಸ್ಟ್ರ ಮುಖವೂ ಕಾಣುತ್ತದೆ. ಆ ಅನುಭವದ ಮೇಲೆ ಈ ಪ್ರಶ್ನೆಯನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮೂರು ಗೊತ್ತಿಲ್ಲದವರಿಗೆ ಒಂದು ಮಾತು. ಮಂಗಳೂರಿನಿಂದ ಹಾಸನಕ್ಕೆ ಹೋಗುವ ರೈಲಿನಲ್ಲಿ ಎಡಮಂಗಲ ಕಳೆದು, ಸುಬ್ರಹ್ಮಣ್ಯ ರೋಡ್ ಬರುವ ಮೊದಲು ಕೋಡಿಂಬಾಳ ಎಂಬ ಸಣ್ಣ ಸ್ಟೇಷನ್ ಸಿಗುತ್ತದೆ. ಕಡಬ ಮತ್ತು ಕೋಡಿಂಬಾಳ ಸೇರಿ ಈಗ ಒಂದು ಪಟ್ಟಣ ಪಂಚಾಯತ್. ಅಡಿಕೆ, ರಬ್ಬರು, ಕುಮಾರಧಾರೆ, ಮಳೆ. ಫುಟ್‌ಬಾಲ್ ಬೇಕಾದರೆ ಮಂಗಳೂರಿನ ನೆಹರೂ ಮೈದಾನಕ್ಕೆ ಹೋಗಬೇಕು. ಇಲ್ಲಿಯದು ಕಬಡ್ಡಿ, ವಾಲಿಬಾಲ್. ಮಳೆ ಬಿಟ್ಟ ಮೇಲೆ ಶನಿವಾರ ಬಂತೆಂದರೆ ಎಲ್ಲಾದರೂ ಒಂದು ಯುವಕ ಮಂಡಲದ ಹೊನಲು ಬೆಳಕಿನ ಪಂದ್ಯಾಟ ಇದ್ದೇ ಇರುತ್ತದೆ. ಪ್ರೊ ಕಬಡ್ಡಿಯ ಎಂಟನೇ ಆವೃತ್ತಿಯಲ್ಲಿ ಪಾಟ್ನಾ ಪೈರೇಟ್ಸ್ ತಂಡವನ್ನು ಫೈನಲ್‌ವರೆಗೆ ನಡೆಸಿದ ನಾಯಕ ಪ್ರಶಾಂತ್ ಕುಮಾರ್ ರೈ ನಮ್ಮ ಪುತ್ತೂರು ಕಡೆಯವರು. 2022ರ ಫೆಬ್ರವರಿಯ ಆ ಫೈನಲ್ಲನ್ನು ಪಾಟ್ನಾ ದೆಹಲಿಗೆ ಒಂದೇ ಅಂಕದಲ್ಲಿ ಬಿಟ್ಟುಕೊಟ್ಟಿತು. ಆ ರಾತ್ರಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಊಟ ಸೇರಲಿಲ್ಲ.

ಹೈಸ್ಕೂಲಿನ ಮಾಸ್ಟ್ರು ಮಾಡುವ ಕೆಲಸ ಏನೆಂದು ಹತ್ತಿರದಿಂದ ನೋಡೋಣ. ಸಂಜೆ ನಾಲ್ಕು ಗಂಟೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ, ಸಪೂರ ಕೈಕಾಲು. ಅವನನ್ನು ಎಡ ಕಾರ್ನರಿನಲ್ಲಿ ನಿಲ್ಲಿಸಿದ್ದಾರೆ. ಮಾಸ್ಟ್ರೇ ರೈಡರ್ ಆಗಿ ಒಳಗೆ ಬಂದು ಬೋನಸ್ ಗೆರೆಯ ಕಡೆಗೆ ಕಾಲು ಚಾಚುತ್ತಾರೆ. ಹುಡುಗ ಬಗ್ಗಿ ಪಾದದ ಮೇಲೆ ಬೆರಳು ತಾಗಿಸಿ ಕೈ ಹಿಂದೆಗೆಯುತ್ತಾನೆ. ಗುರುಗಳ ಕಾಲು ಎಳೆಯುವುದು ಹೇಗೆ ಎಂಬ ಅಂಜಿಕೆ. "ನಮಸ್ಕಾರ ಮಾಡುವುದಲ್ಲ ಮಾರಾಯ, ಹಿಡಿ!" ಎಂದು ಮಾಸ್ಟ್ರು ಮತ್ತೆ ಕಾಲು ಚಾಚುತ್ತಾರೆ. ಈ ಸಲ ಹಿಡಿಯುತ್ತಾನೆ, ಆದರೆ ಒಂದೇ ಕೈಯಲ್ಲಿ, ಅದೂ ಅವಸರದಲ್ಲಿ. ಮಾಸ್ಟ್ರು ಸಲೀಸಾಗಿ ಬಿಡಿಸಿಕೊಂಡು ಮಧ್ಯದ ಗೆರೆ ದಾಟುತ್ತಾರೆ. ಆಮೇಲೆ ಪಾಠ. ಚಾಚಿದ ಕಾಲು ಇನ್ನೂ ಗಾಳಿಯಲ್ಲಿರುವಾಗ ಮುಟ್ಟಬೇಡ. ಅದು ನೆಲಕ್ಕೆ ಊರಿ ಮೈಯ ಭಾರ ಅದರ ಮೇಲೆ ಬೀಳಲಿ, ಆಗ ಎರಡೂ ಕೈ. ತಲೆ ಒಳಗಿರಲಿ. ಹಿಡಿದ ಮೇಲೆ ಬಿಡುವ ಮಾತೇ ಇಲ್ಲ, ಉಳಿದದ್ದನ್ನು ಕವರ್‌ನವನು ಬಂದು ನೋಡಿಕೊಳ್ಳುತ್ತಾನೆ.

ಇದನ್ನು ಹೇಳಲು ಒಂದು ನಿಮಿಷ ಸಾಕು. ಹುಡುಗನ ಮೈಗೆ ಹತ್ತಲು ಎರಡು ಮಳೆಗಾಲ ಬೇಕು. ನಾನು ಅಂಕ ಬರೆಯುವಾಗ ನೋಡಿದ್ದೇನೆ. ಎಂಟರಲ್ಲಿ ಹೆದರಿ ಹಿಂದೆ ಸರಿಯುತ್ತಿದ್ದ ಹುಡುಗನೇ ಹತ್ತಕ್ಕೆ ಬಂದಾಗ ಪಂದ್ಯದ ಕೊನೆಯ ನಿಮಿಷದಲ್ಲಿ ರೈಡರಿನ ಕಣ್ಣನ್ನು ನೋಡದೆ ಕಾಲನ್ನೇ ನೋಡುತ್ತ ಕಾಯುತ್ತಾನೆ. ಆ ಕಾಯುವ ತಾಳ್ಮೆಯನ್ನು ಹದಿಮೂರನೇ ವಯಸ್ಸಿನಲ್ಲಿ ಕಲಿಸಿದವರು ಕಲಿಸಿದರು. ಇಪ್ಪತ್ತರಲ್ಲಿ ಕಲಿಸಲು ಹೊರಟರೆ ಬಹಳ ಕಷ್ಟ.

ಅಂಕಣದ ಹೊರಗಿನ ಕೆಲಸ ಇದಕ್ಕಿಂತ ಹೆಚ್ಚು. ಶಾಲಾ ಕ್ರೀಡಾಕೂಟಗಳ ಸರದಿ ಬರುವುದೇ ಆಗಸ್ಟ್, ಸೆಪ್ಟೆಂಬರಿನ ಮಳೆಯಲ್ಲಿ. ಜಂಬಿಟ್ಟಿಗೆಯ ನೆಲ ಕೆಸರಾದಾಗ ಈರ್ಚ ಮಿಲ್ಲಿನಿಂದ ಮರದ ಹುಡಿ ತಂದು ಹರಡಬೇಕು. ಬೆಳಿಗ್ಗೆ ಅಪ್ಪನ ಜೊತೆ ರಬ್ಬರ್ ಟ್ಯಾಪಿಂಗ್ ಮಾಡಿ ಬರುವ ಹುಡುಗನಿಗೆ ಸಂಜೆ ಆಡಲು ತ್ರಾಣ ಇದೆಯೇ ಎಂದು ನೋಡಬೇಕು. ಕೊನೆಯ ಬಸ್ಸು ತಪ್ಪಿದವರನ್ನು ಮನೆ ಮುಟ್ಟಿಸಬೇಕು. ಹೆಣ್ಣುಮಕ್ಕಳ ತಂಡವಾದರೆ ಪ್ರತಿ ಮನೆಯ ಜಗಲಿಯಲ್ಲಿ ಕೂತು, ಚಹಾ ಕುಡಿದು, ಅಜ್ಜಿಯ ತನಕ ಎಲ್ಲರನ್ನೂ ಒಪ್ಪಿಸಬೇಕು. ಭಾರತದ ಮಹಿಳಾ ತಂಡದ ನಾಯಕಿಯಾಗಿ 2012ರಲ್ಲಿ ವಿಶ್ವಕಪ್ ಎತ್ತಿದ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿ ಕಾರ್ಕಳ ತಾಲೂಕಿನ ಹೆರ್ಮುಂಡೆ ಎಂಬ ಹಳ್ಳಿಯವರು. ಅವರ ಹೆಸರು ಹೇಳಿ ನಮ್ಮ ಮಾಸ್ಟ್ರುಗಳು ಎಷ್ಟೋ ಮನೆಗಳ ಬಾಗಿಲು ತೆರೆಸಿದ್ದಾರೆ.

ಕಾಲೇಜಿನ ಕೆಲಸವೇ ಬೇರೆ. ಅದನ್ನು ಕಡಿಮೆ ಎಂದು ಯಾರೂ ತಿಳಿಯಬಾರದು. ನಮ್ಮ ಸುತ್ತಮುತ್ತ ಪುತ್ತೂರಿನಲ್ಲಿ 1958ರ ಸಂತ ಫಿಲೋಮಿನಾ, 1965ರ ವಿವೇಕಾನಂದ, ಸುಳ್ಯದಲ್ಲಿ 1976ರ ನೆಹರೂ ಮೆಮೋರಿಯಲ್, ಅತ್ತ ಸುಬ್ರಹ್ಮಣ್ಯ, ಉಜಿರೆ, ಮೂಡುಬಿದಿರೆ ಹೀಗೆ ಕಾಲೇಜುಗಳ ಒಂದು ಸಾಲೇ ಇದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ಪಡೆದು ಓದು, ಊಟ, ವಸತಿ ಎಲ್ಲ ಕೊಟ್ಟು ಬೆಳೆಸುತ್ತಿರುವುದು ನಾಡಿಗೇ ಗೊತ್ತು. 2020ರ ಜನವರಿಯಲ್ಲಿ ಅಲ್ಲಿಯ ಸ್ವರಾಜ್ಯ ಮೈದಾನದಲ್ಲಿ ನಡೆದ 80ನೇ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅತ್ಲೆಟಿಕ್ ಕೂಟದಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸಮಗ್ರ ಚಾಂಪಿಯನ್ ಆಯಿತು. ಈ ಜಿಲ್ಲೆಯ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರ ದುಡಿಮೆ ಇಲ್ಲದೆ ಅದು ಆಗುತ್ತಿರಲಿಲ್ಲ.

ಆದರೆ ಕಾಲೇಜಿನ ಅಂಕಣಕ್ಕೆ ಬರುವವನು ಆಗಲೇ ಆಟಗಾರ. ಹಾವೇರಿಯಿಂದಲೋ ವಿಜಯಪುರದಿಂದಲೋ ಬಂದಿರುತ್ತಾನೆ. ಅವನಿಗೊಂದು ಶೈಲಿ ಇರುತ್ತದೆ, ಮೊಣಕಾಲಿಗೊಂದು ಹಳೆಯ ನೋವು ಇರುತ್ತದೆ, ರೈಲ್ವೆ, ಪೊಲೀಸು, ಪ್ರೊ ಲೀಗು ಎಂದು ಅವನದೇ ಲೆಕ್ಕಾಚಾರ ಇರುತ್ತದೆ. ಅಲ್ಲಿ ಕೋಚ್ ಆದವರು ಏಳು ಮಂದಿ ಬಲಿಷ್ಠರನ್ನು ಆರಿಸಿ ಒಂದು ತಂಡವಾಗಿ ಕಟ್ಟಬೇಕು. ಸೆಮಿಸ್ಟರ್ ಪರೀಕ್ಷೆ, ಹಾಜರಿ ಕೊರತೆ, ಗಾಯ, ಪ್ರಾಂಶುಪಾಲರ ಬೇಸರ ಎಲ್ಲವನ್ನೂ ಸಂಭಾಳಿಸಬೇಕು. ಅಂತರ ಕಾಲೇಜು, ಆಮೇಲೆ ವಿಶ್ವವಿದ್ಯಾಲಯ ತಂಡ, ಆಮೇಲೆ ದಕ್ಷಿಣ ವಲಯ. ಮುಂದಿನ ವರ್ಷ ಒಳ್ಳೆಯ ರೈಡರ್ ಎಲ್ಲಿ ಸಿಗುತ್ತಾನೆ ಎಂದು ಈ ವರ್ಷವೇ ಫೋನು ಹಚ್ಚಬೇಕು. ಎಳೆಯ ಕಾಲುಗಳಿಗೆ ಆಟ ಕಲಿಸಿದ ಕೈಗೆ ಈ ಕೆಲಸವೂ ಒಗ್ಗುತ್ತದೆ ಎಂದು ಹೇಳಲು ಬರುವುದಿಲ್ಲ. ಒಗ್ಗುವುದಿಲ್ಲ ಎಂದೂ ಹೇಳಲು ಬರುವುದಿಲ್ಲ.

ಈ ಪ್ರಶ್ನೆ ನಮ್ಮೂರಿನದು ಮಾತ್ರವಲ್ಲ. ಅಮೆರಿಕದಲ್ಲಿ ಇದು ಪತ್ರಿಕೆಗಳ ಮುಖಪುಟದ ಚರ್ಚೆ. ಅಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಮೈಗೆ ಮೈ ಢಿಕ್ಕಿ ಹೊಡೆಯುವ ಆಟ. ಹೈಸ್ಕೂಲ್ ಪಂದ್ಯಕ್ಕೂ ಸಾವಿರಾರು ಜನ ಸೇರುತ್ತಾರೆ. ಸಿನ್ಸಿನಾಟಿಯ ಮೋಲರ್ ಹೈಸ್ಕೂಲಿನಲ್ಲಿ ಜೆರ್ರಿ ಫೌಸ್ಟ್ ಎಂಬ ಕೋಚ್ ಇದ್ದರು. 1963ರಿಂದ 1980ರವರೆಗೆ 174 ಪಂದ್ಯ ಗೆದ್ದು ಸೋತದ್ದು ಬರೇ 17. ಆ ದೇಶದ ಅತಿ ಪ್ರಸಿದ್ಧ ಕಾಲೇಜು ತಂಡಗಳಲ್ಲಿ ಒಂದಾದ ನೋಟ್ರ್ ಡೇಮ್ 1981ರಲ್ಲಿ ಅವರನ್ನು ನೇರವಾಗಿ ಮುಖ್ಯ ಕೋಚ್ ಮಾಡಿಕೊಂಡಿತು. ಐದು ವರ್ಷದಲ್ಲಿ 30 ಗೆಲುವು, 26 ಸೋಲು, ಒಂದು ಸಮ. 1985ರಲ್ಲಿ ಅವರು ಆ ಹುದ್ದೆ ಬಿಟ್ಟರು. ಅದೇ ಮನುಷ್ಯ, ಅದೇ ಶ್ರದ್ಧೆ. ಆದರೆ ಎದುರಿಗಿದ್ದ ತಂಡಗಳಲ್ಲೂ ಆರಿಸಿ ತಂದ ಯುವಕರೇ ಇದ್ದರು, ಅವರನ್ನು ನಡೆಸುವವರು ಅದೇ ವಿದ್ಯೆಯಲ್ಲಿ ಪಳಗಿದವರು.

ಕ್ಯಾಲಿಫೋರ್ನಿಯಾದ ಬಾಬ್ ಲಾಡುಸೂರ್ ಇನ್ನೊಂದು ದಾರಿ ಹಿಡಿದರು. ಡಿ ಲಾ ಸಾಲ್ ಹೈಸ್ಕೂಲಿಗೆ 1979ರಲ್ಲಿ ಕೋಚ್ ಆಗಿ ಬಂದವರು ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಉಳಿದರು. 399 ಗೆಲುವು, 25 ಸೋಲು. 1992ರಿಂದ 2004ರವರೆಗೆ ಒಂದರ ಹಿಂದೆ ಒಂದು 151 ಪಂದ್ಯ ಗೆದ್ದರು. ಇಂಥವರು ಕಾಲೇಜಿಗೆ ಹೋಗದೆ ಇದ್ದುದರಿಂದ ಸಣ್ಣವರಾದರು ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ದೇಶದಲ್ಲಿಯೂ ದಾದರಿನ ಶಿವಾಜಿ ಪಾರ್ಕಿನಲ್ಲಿ ಶಾಲೆಯ ಹುಡುಗರಿಗೆ ಕ್ರಿಕೆಟ್ ಕಲಿಸುತ್ತಲೇ ರಮಾಕಾಂತ ಆಚ್ರೇಕರ್ 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪಡೆದರು.

ಹಾಗೆಂದು ಶಾಲಾ ಮಾಸ್ಟ್ರು ಮೇಲಕ್ಕೆ ಹೋದರೆ ಸೋಲೇ ಗತಿ ಎಂದು ಹೇಳುವಂತಿಲ್ಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಮೂಲತಃ ಶಾಲಾ ಶಿಕ್ಷಕರು. ಅವರ ಕೈಕೆಳಗೆ ಭಾರತದ ಫುಟ್‌ಬಾಲ್ ತಂಡ 1951ರಲ್ಲಿ ದೆಹಲಿಯಲ್ಲೂ 1962ರಲ್ಲಿ ಜಕಾರ್ತಾದಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯದಾಯಿತು. ಅಂಥ ಎತ್ತರಕ್ಕೆ ನಮ್ಮ ಫುಟ್‌ಬಾಲ್ ಮತ್ತೆ ಹೋಗಿಲ್ಲ. ರಹೀಂ ಸಾಹೇಬರಿಗೆ ಆಟವನ್ನು ದೊಡ್ಡವರ ಮಟ್ಟದಲ್ಲಿ ಹೊಸದಾಗಿ ಯೋಚಿಸುವ ಹಸಿವು ಇತ್ತು. ಅಂಥ ಹಸಿವು ಇದ್ದವರನ್ನು ಶಾಲೆಯಲ್ಲಿ ಕಟ್ಟಿಹಾಕುವುದು ಅನ್ಯಾಯ. ಆದರೆ ಹಸಿವೇ ಬೇರೆ, ಊರಿನವರು "ಇನ್ನೂ ಹೈಸ್ಕೂಲಿನಲ್ಲೇ ಇದ್ದಾರಾ?" ಎಂದು ಕೇಳುವಾಗ ಆಗುವ ಮುಜುಗರವೇ ಬೇರೆ. ಮುಜುಗರಕ್ಕೆ ಹೆದರಿ ಹೋಗುವುದು ಬೇಡ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಇನ್ನು ಹೊಟ್ಟೆಪಾಡಿನ ಮಾತು. ಇದನ್ನು ಆಡದೆ ಆಟದ ಬಗ್ಗೆ ಭಾಷಣ ಮಾಡುವುದು ಸರಿಯಲ್ಲ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಕಾಯಂ ಹುದ್ದೆಗೆ ಯುಜಿಸಿ ನಿಯಮವಿದೆ. ಎಂ.ಪಿ.ಎಡ್.ನಲ್ಲಿ ಶೇಕಡಾ 55 ಅಂಕ, ಅದರ ಮೇಲೆ ನೆಟ್ ಅಥವಾ ಕೆಸೆಟ್ ಇಲ್ಲವೇ ಪಿಎಚ್.ಡಿ. ಸ್ವತಃ ಆಡಿದ ದಾಖಲೆ ಬೇಕು, ಮೈಯ ಕ್ಷಮತೆಯ ಪರೀಕ್ಷೆಯೂ ಉಂಟು. ಮೂವತ್ತು ದಾಟಿದ, ನಲವತ್ತರ ಒಳಗಿನ ಗಂಡಸರು 12 ನಿಮಿಷದಲ್ಲಿ 1500 ಮೀಟರ್ ಮುಗಿಸಬೇಕು. ನಮ್ಮ ಮಾಸ್ಟ್ರುಗಳಿಗೆ ಓಟ ಕಷ್ಟವಲ್ಲ, ಕಷ್ಟ ಇರುವುದು ಕಾಗದದಲ್ಲಿ. ಬಿ.ಪಿ.ಎಡ್. ಮುಗಿಸಿ ಹೈಸ್ಕೂಲು ಸೇರಿದವರಲ್ಲಿ ಅನೇಕರ ಬಳಿ ಇವೆಲ್ಲ ಇರುವುದಿಲ್ಲ. ಹಾಗಾದಾಗ ಕಾಲೇಜು ಕೊಡುವುದು ಆಡಳಿತ ಮಂಡಳಿಯ ಹುದ್ದೆ ಅಥವಾ ಕೋಚ್ ಎಂಬ ವರ್ಷದ ಕರಾರು. ತಂಡ ಗೆದ್ದಷ್ಟು ದಿನ ಅದು ಚೆನ್ನ. ಎರಡು ವರ್ಷ ಸೋತರೆ ಗತಿ ಏನು ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿಕೊಳ್ಳಬೇಕು. ಸರ್ಕಾರಿ ನೌಕರಿಯಲ್ಲಿ 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ ಇದೆ. ಅದನ್ನು ಬಿಟ್ಟು ಹೊರಡುವುದೆಂದರೆ ಹೆಂಡತಿ ಮಕ್ಕಳ ಜೊತೆ ಕೂತು ಲೆಕ್ಕ ಹಾಕಿ ಮಾಡಬೇಕಾದ ಕೆಲಸ.

ಆದರೆ ಖಾಸಗಿ ಶಾಲೆಯಲ್ಲಿ ಅಲ್ಪ ಸಂಬಳಕ್ಕೆ, ಗೌರವ ಶಿಕ್ಷಕ ಎಂಬ ಹೆಸರಿನಲ್ಲಿ ದುಡಿಯುವ ತರುಣ ಮಾಸ್ಟ್ರುಗಳ ಮಾತೇ ಬೇರೆ. ಕಪ್ ತಂದಾಗ ಹಾರ ಹಾಕುತ್ತೇವೆ, ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡುತ್ತೇವೆ, ತಿಂಗಳ ಕೊನೆಗೆ ಅವರ ಕೈಗೆ ಏನು ಬೀಳುತ್ತದೆ ಎಂದು ಕೇಳುವುದಿಲ್ಲ. ಅಂಥವರಿಗೆ ಕಾಲೇಜಿನಿಂದ ಕರೆ ಬಂದರೆ ಅವರು ಹೋಗಲಿ. ಹೋದದ್ದಕ್ಕೆ ಯಾರೂ ಒಂದು ಮಾತು ಆಡಬಾರದು. ಊರಿನ ಮೇಲೆ ಪ್ರೀತಿ ಇಲ್ಲ ಎಂಬ ಚುಚ್ಚುಮಾತು ನನ್ನ ಕಿವಿಗೂ ಬಿದ್ದಿದೆ. ಅದನ್ನು ಆಡುವವರು ಆ ಮಾಸ್ಟ್ರ ಮನೆಯ ಅಕ್ಕಿಯ ಡಬ್ಬವನ್ನು ನೋಡಿದವರಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ವಿಷಯ. ನಮ್ಮ ಹುಡುಗರು ಕಳೆದುಹೋಗುವುದು ಹೈಸ್ಕೂಲಿನಲ್ಲಿಯೂ ಅಲ್ಲ, ಪದವಿ ಕಾಲೇಜಿನಲ್ಲಿಯೂ ಅಲ್ಲ. ಎರಡರ ನಡುವಿನ ಪಿಯುಸಿಯ ಎರಡು ವರ್ಷದಲ್ಲಿ. ಎಸ್ಸೆಸ್ಸೆಲ್ಸಿಯ ಫಲಿತಾಂಶ ಬಂದ ದಿನದಿಂದ ಮನೆಯಲ್ಲಿ ಸಿಇಟಿ, ನೀಟ್ ಎಂಬ ಜಪ. ಸೈನ್ಸ್ ತೆಗೆದುಕೊಂಡವನಿಗೆ ಬೆಳಿಗ್ಗೆ ಕೋಚಿಂಗು, ಸಂಜೆ ಕೋಚಿಂಗು. ಕಾಮರ್ಸ್ ತೆಗೆದುಕೊಂಡವನು ಆಡಬೇಕೆಂದರೂ ಆಡಿಸುವವರು ಬೇಕಲ್ಲ? ಬಹುಪಾಲು ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಆಟಕ್ಕೆಂದೇ ಉಪನ್ಯಾಸಕರಿಲ್ಲ. ಕನ್ನಡದವರೋ ಅರ್ಥಶಾಸ್ತ್ರದವರೋ ಪಾಪ, ಹೆಚ್ಚುವರಿ ಹೊಣೆ ಎಂದು ತಂಡವನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬರುತ್ತಾರೆ. ಹತ್ತನೆಯಲ್ಲಿ ಐವತ್ತು ಕಿಲೋ ಇದ್ದ ಹುಡುಗ ಇದೇ ಎರಡು ವರ್ಷದಲ್ಲಿ ಗಂಡಸಾಗುತ್ತಾನೆ. ಪುರುಷರ ಕಬಡ್ಡಿಯಲ್ಲಿ ಎದುರಿಗೆ 85 ಕಿಲೋದವರೆಗಿನವರು ನಿಲ್ಲುತ್ತಾರೆ. ಅಂಥವರೆದುರು ಆಡಲು ಮೈ ಕಟ್ಟಬೇಕಾದದ್ದು, ಮಣ್ಣಿನಿಂದ ಮ್ಯಾಟಿಗೆ ಕಾಲು ಒಗ್ಗಬೇಕಾದದ್ದು, ಬೂಟು ಹಾಕಿ ತಿರುಗಲು ಕಲಿಯಬೇಕಾದದ್ದು ಇದೇ ವಯಸ್ಸಿನಲ್ಲಿ. ಆಗ ಅವನ ಬಳಿ ಯಾರೂ ಇಲ್ಲ. ಹೆಣ್ಣುಮಕ್ಕಳಂತೂ ಹತ್ತನೆಯ ಬೀಳ್ಕೊಡುಗೆಯ ದಿನವೇ ಆಟಕ್ಕೂ ಬೀಳ್ಕೊಡುಗೆ ಹೇಳಿಬಿಡುತ್ತಾರೆ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಗೆದ್ದ ಹೈಸ್ಕೂಲ್ ಮಾಸ್ಟ್ರು ಮೇಲೆ ಹೋಗಲಿ, ಆದರೆ ಅರುವತ್ತು ಮೈಲಿ ಆಚೆಯ ಪದವಿ ಕಾಲೇಜಿಗಲ್ಲ. ತಾವೇ ಬೆಳೆಸಿದ ಮಕ್ಕಳ ಜೊತೆ ಇನ್ನೆರಡು ತರಗತಿ ಮೇಲೆ ಹೋಗಲಿ. ಇದು ಆಗದ ಮಾತಲ್ಲ. ಪದವಿಪೂರ್ವ ಕಾಲೇಜಿನ ಆವರಣದಲ್ಲೇ ಹೈಸ್ಕೂಲ್ ವಿಭಾಗ ಇರುವ ಸರ್ಕಾರಿ ಸಂಸ್ಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಂದನೆಯಿಂದ ಹನ್ನೆರಡರವರೆಗೆ ಒಂದೇ ಕಡೆ ಓದಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಪುತ್ತೂರಿನ ಕುಂಬ್ರದಲ್ಲಿ, ಕೆಯ್ಯೂರಿನಲ್ಲಿ, ಸುಳ್ಯದ ಗಾಂಧಿನಗರದಲ್ಲಿ ಇವೆ. ಖಾಸಗಿ ಸಂಸ್ಥೆಗಳಲ್ಲೂ ಹೈಸ್ಕೂಲು, ಪಿಯು ಒಂದೇ ಗೇಟಿನ ಒಳಗೆ ಇರುತ್ತವೆ. ಮೈದಾನ ಒಂದೇ, ಮಾಸ್ಟ್ರು ಒಬ್ಬರೇ. ಈಗಲೂ ಎಷ್ಟೋ ಮಾಸ್ಟ್ರುಗಳು ಪಿಯು ಹುಡುಗರನ್ನೂ ಸಂಜೆ ನಿಲ್ಲಿಸಿಕೊಂಡು ಆಡಿಸುತ್ತಾರೆ. ಆದರೆ ಅದು ಅವರ ಕೆಲಸದ ಪಟ್ಟಿಯಲ್ಲಿಲ್ಲ, ಅದಕ್ಕೊಂದು ಹೆಸರಿಲ್ಲ, ಒಂದು ರೂಪಾಯಿ ಹೆಚ್ಚಿಲ್ಲ.

ಅದಕ್ಕೊಂದು ಹೆಸರು ಕೊಡಬೇಕು. ಹೈಸ್ಕೂಲಿನಲ್ಲಿ ಹತ್ತು ಹನ್ನೆರಡು ವರ್ಷ ದುಡಿದು ಎಂ.ಪಿ.ಎಡ್. ಮಾಡಿಕೊಂಡವರಿಗೆ ಪದವಿಪೂರ್ವ ವಿಭಾಗದ ಬಡ್ತಿ ಸಿಗುವಂತಾಗಬೇಕು. ದೈಹಿಕ ಶಿಕ್ಷಕರನ್ನು ಉಳಿದ ಸಹಶಿಕ್ಷಕರ ಸಮಕ್ಕೆ ಕಾಣಬೇಕು, ಮುಖ್ಯ ಶಿಕ್ಷಕರಾಗುವ ದಾರಿ ಅವರಿಗೂ ತೆರೆಯಬೇಕು ಎಂದು ಅವರ ಸಂಘದವರು ದೈಹಿಕ ಶಿಕ್ಷಣದ ಬಗೆಗಿನ ವೈದ್ಯನಾಥನ್ ವರದಿ ಹಿಡಿದುಕೊಂಡು ವರ್ಷಗಳಿಂದ ಕೇಳುತ್ತಿದ್ದಾರೆ. ಅದು ನ್ಯಾಯವಾದ ಬೇಡಿಕೆ. ಶಾಲೆಯಲ್ಲಿ ಉಳಿದು ಮೇಲೇರಲು ಒಂದು ಮೆಟ್ಟಿಲೂ ಇಲ್ಲದಿರುವಾಗ, ಉಳಿಯಿರಿ ಎಂದು ಮಾಸ್ಟ್ರಿಗೆ ಹೇಳುವ ಬಾಯಿ ನಮಗೆ ಎಲ್ಲಿಂದ ಬರಬೇಕು?

ಕಾಲೇಜಿನವರಲ್ಲೂ ಒಂದು ವಿನಂತಿ. ನಿಮಗೆ ಒಳ್ಳೆಯ ಆಟಗಾರರು ಬೇಕಾದರೆ ಅವರನ್ನು ತಯಾರು ಮಾಡುವ ಮಾಸ್ಟ್ರನ್ನೇ ಎಬ್ಬಿಸಿಕೊಂಡು ಹೋಗಬೇಡಿ. ಎರಡನೇ ವರ್ಷ ಆ ಶಾಲೆಯಿಂದ ನಿಮಗೂ ಹುಡುಗರು ಬರುವುದಿಲ್ಲ. ಬದಲಿಗೆ ನಿಮ್ಮ ಹಳೆಯ ಮ್ಯಾಟನ್ನು ಒಂದು ಹಳ್ಳಿ ಶಾಲೆಗೆ ಕೊಡಿ. ರಜೆಯಲ್ಲಿ ಆ ಮಾಸ್ಟ್ರನ್ನು ಶಿಬಿರಕ್ಕೆ ಕರೆಯಿರಿ, ತಕ್ಕ ಸಂಭಾವನೆ ಕೊಡಿ. ಅವರ ಶಾಲೆಯಿಂದ ಬಂದ ಹುಡುಗ ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾದ ದಿನ ಪತ್ರಿಕೆಗೆ ಕಳಿಸುವ ಸುದ್ದಿಯಲ್ಲಿ ಆ ಮಾಸ್ಟ್ರ ಹೆಸರನ್ನೂ ಬರೆಯಿರಿ. ಇದಕ್ಕೆ ಖರ್ಚಿಲ್ಲ.

ಕರೆ ಬಂದಿರುವ ಮಾಸ್ಟ್ರುಗಳೇ, ನೀವು ಈಗ ಕೇಳುತ್ತಿದ್ದರೆ, ನಿಮ್ಮಲ್ಲಿ ಇಷ್ಟೇ ಕೇಳಿಕೊಳ್ಳುತ್ತೇನೆ. ಕಾಯಂ ಹುದ್ದೆ ಇದ್ದು, ಎಂಟನೇ ಕ್ಲಾಸಿನ ಹೊಸ ಹುಡುಗರನ್ನು ಜೂನಿನಲ್ಲಿ ಸಾಲು ನಿಲ್ಲಿಸುವಾಗ ಇಂದಿಗೂ ಖುಷಿ ಆಗುತ್ತಿದ್ದರೆ, ಹೋಗಬೇಡಿ. ದೊಡ್ಡವರ ಆಟದ ಹಸಿವು ನಿಜವಾಗಿ ಇದ್ದರೆ, ಕಾಗದಪತ್ರ ಸರಿ ಇದ್ದರೆ, ಧೈರ್ಯವಾಗಿ ಹೋಗಿ. ಹೋಗುವ ಮೊದಲು ನಿಮ್ಮ ಜಾಗಕ್ಕೆ ಒಬ್ಬರನ್ನು, ನಿಮ್ಮದೇ ಹಳೆಯ ವಿದ್ಯಾರ್ಥಿಯಾದರೂ ಆದೀತು, ಒಂದು ವರ್ಷ ಜೊತೆಗಿಟ್ಟುಕೊಂಡು ತಯಾರು ಮಾಡಿ.

ಊರಿನವರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ಶಾಲಾಭಿವೃದ್ಧಿ ಸಮಿತಿಯವರಿಗೆ ಕೊನೆಯ ಮಾತು. ನಿಮ್ಮೂರಿನ ಶಾಲೆಯಲ್ಲಿ ಇಂಥ ಮಾಸ್ಟ್ರೊಬ್ಬರಿದ್ದರೆ, ಮುಂದಿನ ಮೇ ತಿಂಗಳಲ್ಲಿ ಅವರಿಗೆ ಫೋನು ಬರುವವರೆಗೆ ಕಾಯಬೇಡಿ. ಈ ವಾರವೇ ಶಾಲೆಗೆ ಹೋಗಿ ಅವರನ್ನು ಮಾತನಾಡಿಸಿ, ಏನು ಬೇಕು ಎಂದು ಕೇಳಿ, ಬರೆದುಕೊಳ್ಳಿ, ಅದರಲ್ಲಿ ಒಂದನ್ನಾದರೂ ಶಾಲೆ ತೆರೆಯುವ ಮೊದಲು ಮಾಡಿ ಕೊಡಿ.